ಹಳೇ ಗ್ಯಾಸ್ ರ‍್ಯಾಮ್ ಏರ್ ರೈಫಲ್ ಈಗಲೂ ಸಾಕಾ, ಹೊಸದೇ ಬೇಕಾ? ಬಳಸಿದವರು ಹೇಳಿ

ಪ್ರಶ್ನೆ

ಪರಿಚಯದವರೊಬ್ಬರು ತಮ್ಮ ಹಳೆಯ ವೈರಾಖ್ ಎಚ್‌ಡಬ್ಲ್ಯೂ 90 ಮಾರುತ್ತಿದ್ದಾರೆ. ಗ್ಯಾಸ್ ರ‍್ಯಾಮ್, 4.5 ಮಿ.ಮೀ. ಏನಿಲ್ಲ ಅಂದರೂ 20 ವರ್ಷ ಆಗಿದೆ, ಅದರಲ್ಲಿ ಬಹುಪಾಲು ಬೀರುವಿನೊಳಗೇ ಕಳೆದಿದೆಯಂತೆ. ನೋಡೋಕೆ ತುಂಬಾ ಚೆನ್ನಾಗಿದೆ, ಬ್ಯಾರೆಲ್ ಮೇಲೆ ತುಕ್ಕಿಲ್ಲ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಹತ್ತು ಪೆಲೆಟ್ (ಚಿಕ್ಕ ಗುಂಡು) ಹಿಡಿಯುವ ಮ್ಯಾಗಝೀನ್ ಇರುವ ಹೊಸ ಗಾಮೊ ಸ್ವಾರ್ಮ್ ಕೂಡ ಸಿಗುತ್ತದೆ. ನನ್ನ ಬಳಕೆ ಇಷ್ಟೇ: 25–30 ಮೀಟರ್ ದೂರದಲ್ಲಿ ಕಾಗದದ ಗುರಿ, ಖಾಲಿ ಡಬ್ಬ. ಇದುವರೆಗೆ ಸಾದಾ ಸ್ಪ್ರಿಂಗ್ ರೈಫಲ್ ಮಾತ್ರ ಹೊಡೆದು ಗೊತ್ತು. ಇಷ್ಟು ವರ್ಷದಲ್ಲಿ ಹೊಸವು ಎಷ್ಟೋ ಮುಂದೆ ಹೋಗಿರಬೇಕಲ್ವಾ ಅಂತ ಒಂದು ಮನಸ್ಸು. ಹಳೇದನ್ನು ಕೈಯಲ್ಲಿ ಹಿಡಿದಾಗ ಬಿಡೋಕೆ ಮನಸ್ಸಾಗಲ್ಲ ಅನ್ನೋದೂ ನಿಜ. "ಗ್ಯಾಸ್ ಎಲ್ಲ ಸೋರಿ ಹೋಗಿರುತ್ತೆ, ಕಬ್ಬಿಣದ ತುಂಡು ತಗೊಂಡ ಹಾಗೆ" ಅಂತ ಒಬ್ಬರು ಹೆದರಿಸಿಬಿಟ್ಟರು. ಎರಡೂ ತರಹದ್ದು ಬಳಸಿದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ 1

ಹಳೇದಾ ಹೊಸದಾ ಅಂತ ನೋಡಬೇಡಿ ಸರ್. ರ‍್ಯಾಮ್ ಬಿಚ್ಚಿ ಸರಿ ಮಾಡೋಕೆ ಬರುತ್ತಾ, ಇಲ್ಲವಾ ಅಂತ ನೋಡಿ. ನನ್ನ ಹತ್ತಿರ ಎರಡೂ ಬಗೆಯವು ಇವೆ, ಹಲವು ವರ್ಷಗಳಿಂದ ಇವೆ. ನಾನು ತೂಗಿ ನೋಡೋದು ಇದೊಂದನ್ನೇ.

ಮೊದಲು ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ, ಆಮೇಲಿನದು ತಾನಾಗೇ ಅರ್ಥವಾಗುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಪಿಸ್ಟನ್ (ಮುಂದಕ್ಕೆ ನುಗ್ಗಿ ಗಾಳಿ ಒತ್ತಿ ಪೆಲೆಟ್ ತಳ್ಳುವ ಭಾಗ) ಹಿಂದೆ ಉಕ್ಕಿನ ಸುರುಳಿ ಇರುತ್ತದೆ. ಗ್ಯಾಸ್ ರ‍್ಯಾಮ್‌ನಲ್ಲಿ ಆ ಜಾಗದಲ್ಲಿ ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್. ಕಾರಿನ ಡಿಕ್ಕಿ ಎತ್ತಿ ಹಿಡಿಯುವ ಕೊಳವೆ ನೋಡಿದ್ದೀರಲ್ಲ, ಕೆಲಸ ಅದೇ. ಈ ಪದ್ಧತಿಯನ್ನು ಏರ್ ರೈಫಲ್‌ಗೆ ಸರಿಯಾಗಿ ಕೂರಿಸಿ ಮಾರಿದ್ದು ಬ್ರಿಟನ್ನಿನ ಥಿಯೋಬೆನ್, 1980ರ ದಶಕದ ಮೊದಲ ವರ್ಷಗಳಲ್ಲಿ, ಸಿರೊಕೋ ಅನ್ನುವ ಮಾದರಿಯಲ್ಲಿ. ಅವರ ಪದ್ಧತಿಯನ್ನೇ ಲೈಸೆನ್ಸ್ ಪಡೆದು ಜರ್ಮನಿಯ ವೈರಾಖ್ ಮಾಡಿದ್ದು ನೀವು ಹೇಳಿದ ಎಚ್‌ಡಬ್ಲ್ಯೂ 90. ಅಮೆರಿಕದಲ್ಲಿ ಅದೇ ರೈಫಲ್ ಬೀಮನ್ ಆರ್‌ಎಕ್ಸ್ ಅಂತ ಮಾರಾಟವಾಗುತ್ತಿತ್ತು.

ಈ ಹಳೇ ಪದ್ಧತಿಯಲ್ಲಿ ಪಿಸ್ಟನ್ನಿನ ಒಳಗಿನ ಟೊಳ್ಳೇ ಗ್ಯಾಸ್ ಕೋಣೆ. ಜಾಗ ಅಗಲ ಇರೋದರಿಂದ ಒತ್ತಡ 20 ಬಾರ್ ಆಸುಪಾಸು ಇದ್ದರೂ ಸಾಕು, ಬೇಕಾದ ಬಲ ಬಂದುಬಿಡುತ್ತದೆ. ಹಿಂದೆ ಒಂದು ವಾಲ್ವ್ ಇರುತ್ತದೆ. ಅದಕ್ಕೆಂದೇ ಇರುವ ಅಡಾಪ್ಟರ್ ಹಾಕಿ ಕೈಪಂಪಿನಿಂದ ಗಾಳಿ ತುಂಬಬಹುದು, ಜಾಸ್ತಿಯಾದರೆ ಬಿಡಬಹುದು. ಸೀಲ್ ಹೋದರೆ ಓ-ರಿಂಗ್ ಬದಲಾಯಿಸಿ ಮತ್ತೆ ತುಂಬಿದರೆ ಆಯಿತು. ಈಗಿನ ಬಹುಪಾಲು ರೈಫಲ್‌ಗಳಲ್ಲಿ ಇರೋದು ಸಣ್ಣ ವ್ಯಾಸದ, ಫ್ಯಾಕ್ಟರಿಯಲ್ಲೇ ಮುಚ್ಚಿ ಕಳಿಸಿದ ಕೊಳವೆ. ಒಳಗಿನ ದಂಡ ಸಣ್ಣದು, ಹಾಗಾಗಿ ಅಷ್ಟೇ ಬಲ ಬರಬೇಕಾದರೆ ಒತ್ತಡ ಹಲವು ಪಟ್ಟು ಜಾಸ್ತಿ ಇರಬೇಕು. ಅದನ್ನು ತುಂಬೋಕೂ ಆಗಲ್ಲ, ಇಳಿಸೋಕೂ ಆಗಲ್ಲ. ಹೋದರೆ ಇಡೀ ಕೊಳವೆ ತೆಗೆದು ಬೇರೆ ಹಾಕಬೇಕು. ಆ ಕೊಳವೆ ಸಿಗುವವರೆಗೆ ರೈಫಲ್ ಚೆನ್ನಾಗಿರುತ್ತದೆ, ಸಿಗದ ದಿನ ಮುಗಿಯಿತು.

ಅಂದಮೇಲೆ "ಗ್ಯಾಸ್ ಸೋರಿ ಹೋಗಿರುತ್ತೆ" ಅನ್ನೋ ಹೆದರಿಕೆ ನಿಮ್ಮ ವಿಷಯದಲ್ಲಿ ಅರ್ಧ ಮಾತ್ರ ಸರಿ. ಸೋರಿರಬಹುದು. ಇಪ್ಪತ್ತು ವರ್ಷ ಬೀರುವಿನಲ್ಲಿದ್ದ ರಬ್ಬರ್ ರಿಂಗು ಒಣಗಿ ಗಟ್ಟಿಯಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಸರ್ವಿಸ್ ಕೆಲಸ, ಸಾವಲ್ಲ. ಎಚ್‌ಡಬ್ಲ್ಯೂ 90 ಇಂದಿಗೂ ತಯಾರಾಗುತ್ತಿದೆ, ಬಿಡಿಭಾಗ ಸಿಗುತ್ತದೆ. ಇದೇ ಜಾಗದಲ್ಲಿ ಥಿಯೋಬೆನ್ ರೈಫಲ್ ಇದ್ದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಕಂಪನಿ ಈಗಿಲ್ಲ. ಕೆಲಸ ಗೊತ್ತಿರುವ ಮೆಕ್ಯಾನಿಕ್ ಕೈಗೆಟುಕುವ ಹಾಗಿದ್ದರೆ ಮಾತ್ರ ಅದರ ತಂಟೆಗೆ ಹೋಗಬೇಕು.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಹಳೇದನ್ನು ಸ್ವಲ್ಪ ಜಾಸ್ತಿಯೇ ಹೊಗಳುತ್ತಿದ್ದೇವೆ ಅನ್ನಿಸುತ್ತದೆ. ನಾನು ಹಳೇ ರ‍್ಯಾಮ್ ರೈಫಲ್ ಮಾರಿ ಹೊಸದಕ್ಕೆ ಹೋದವನು, ಬೇಜಾರಿಲ್ಲ.

ಕಾರಣ ಹೇಳುತ್ತೇನೆ. ಗ್ಯಾಸ್ ರ‍್ಯಾಮ್ ಕಾಕ್ ಮಾಡುವಾಗ, ಅಂದರೆ ಹೊಡೆಯೋಕೆ ಮೊದಲು ಬ್ಯಾರೆಲ್ ಬಗ್ಗಿಸಿ ಪಿಸ್ಟನ್ ಹಿಂದಕ್ಕೆ ತಳ್ಳುವಾಗ, ಮೊದಲ ಇಂಚಿನಿಂದಲೇ ಭಾರ. ಸ್ಪ್ರಿಂಗ್ ಆದರೆ ಶುರುವಿನಲ್ಲಿ ಹಗುರ ಇದ್ದು ಕೊನೆಗೆ ಬಿಗಿಯಾಗುತ್ತದೆ. ರ‍್ಯಾಮ್‌ನಲ್ಲಿ ಒತ್ತಡ ಮೊದಲೇ ಕೂತಿರುತ್ತದೆ, ಬ್ಯಾರೆಲ್ ಬಗ್ಗಿಸಿದ ಕೂಡಲೇ ಎದುರು ನಿಲ್ಲುತ್ತದೆ. ಪೂರ್ತಿ ಶಕ್ತಿಗೆ ತುಂಬಿದ ಹಳೇ ರೈಫಲ್‌ನಲ್ಲಿ ಒಂದು ಡಬ್ಬ ಪೆಲೆಟ್ ಹೊಡೆಯೋ ಹೊತ್ತಿಗೆ ಭುಜ ಏನು ಅಂತ ಗೊತ್ತಾಗಿಬಿಡುತ್ತದೆ. ಹೊಸವುಗಳಲ್ಲಿ ಕೆಲವು ಈ ವಿಷಯದಲ್ಲಿ ನಿಜವಾಗಿ ಸುಧಾರಿಸಿವೆ, ಲಿವರ್‌ನ ಕೋನ ಬದಲಾಯಿಸಿ, ಬ್ಯಾರೆಲ್ ಉದ್ದ ಮಾಡಿ, ಕೀಲುಗಳ ತಿಕ್ಕಾಟ ಕಮ್ಮಿ ಮಾಡಿ. ಸಿಗ್ ಸಾವರ್ ಎಎಸ್‌ಪಿ 20 ಅಂತ 2018ರಲ್ಲಿ ಬಂದಿತ್ತಲ್ಲ, ಅದನ್ನು ಒಮ್ಮೆ ಕಾಕ್ ಮಾಡಿದವರಿಗೆ ಗೊತ್ತು.

ಎರಡನೇದು ಮ್ಯಾಗಝೀನ್. ಚಳಿಯಲ್ಲಿ ಬೆರಳು ಮರಗಟ್ಟಿದಾಗ 4.5ರ ಪೆಲೆಟ್ ಒಂದೊಂದಾಗಿ ಹಿಡಿದು ಬ್ಯಾರೆಲ್ ಬಾಯಿಗೆ ಕೂರಿಸೋದು ದೊಡ್ಡ ರಗಳೆ. ಸ್ವಾರ್ಮ್‌ನಲ್ಲಿ ಬ್ಯಾರೆಲ್ ಬಗ್ಗಿಸಿ ಮತ್ತೆ ಮುಚ್ಚಿದರೆ ಪೆಲೆಟ್ ತಾನೇ ಕೂರುತ್ತದೆ. ತಗೊಳ್ಳೋದಾದರೆ ಎರಡನೇ ಪೀಳಿಗೆಯದು ನೋಡಿ, ಅದರಲ್ಲಿ ಮ್ಯಾಗಝೀನ್ ಮಲಗಿಕೊಂಡ ಹಾಗಿರುತ್ತದೆ. ಮೊದಲಿನದರಲ್ಲಿ ಮೇಲಕ್ಕೆ ಎದ್ದು ನಿಂತಿರುತ್ತದೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ಎತ್ತರಿಸಿ ಕಟ್ಟಬೇಕು.

ಮೂರನೇದು ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಹಿಡಿ. ಹೊಸದರ ಪ್ಲಾಸ್ಟಿಕ್ ಸ್ಟಾಕ್ ನೋಡೋಕೆ ಏನೂ ಇಲ್ಲ, ಒಪ್ಪುತ್ತೇನೆ. ಆದರೆ ಮಳೆಗೆ ಹಿಗ್ಗಲ್ಲ, ಸ್ಕ್ರೂ ಸಡಿಲವಾಗೋದು ಕಮ್ಮಿ. ಮರದ ಸ್ಟಾಕ್ ಇರುವ ರ‍್ಯಾಮ್ ರೈಫಲ್‌ನಲ್ಲಿ ಸ್ಟಾಕ್ ಸ್ಕ್ರೂ ಬಿಗಿ ನೋಡದೆ ಗುರಿ ತಪ್ಪುತ್ತಿದೆ ಅಂತ ತಲೆ ಕೆಡಿಸಿಕೊಳ್ಳುವವರನ್ನು ಎಷ್ಟು ಜನ ನೋಡಿಲ್ಲ.

ಉತ್ತರ 1, ಮತ್ತೆ

ಎಎಸ್‌ಪಿ 20 ಉದಾಹರಣೆ ನೀವೇ ಕೊಟ್ಟಿದ್ದು ಒಳ್ಳೇದಾಯಿತು ಅಣ್ಣ! ಟ್ರಿಗರ್ ಚೆನ್ನಾಗಿತ್ತು, ಕಾಕಿಂಗ್ ಹಗುರ ಇತ್ತು, ಎಲ್ಲ ಸರಿ. ಕೆಲವೇ ವರ್ಷದಲ್ಲಿ ನಿಲ್ಲಿಸಿಬಿಟ್ಟರು. ಈಗ ಅದರ ರ‍್ಯಾಮ್ ಹೋದರೆ ಏನು ಮಾಡುತ್ತೀರಿ? 2018ರ ರೈಫಲ್ ಅನಾಥ, ಅದಕ್ಕಿಂತ ಎಷ್ಟೋ ಹಳೆಯ ವಿನ್ಯಾಸದ ಎಚ್‌ಡಬ್ಲ್ಯೂ 90ಗೆ ಭಾಗ ಸಿಗುತ್ತದೆ. ನಾನು ಹೇಳೋದು ಇಷ್ಟೇ.

ಕಾಕಿಂಗ್ ಭಾರದ ಮಾತು ಮಾತ್ರ ನೂರಕ್ಕೆ ನೂರು ನಿಜ. ಆದರೆ ವಾಲ್ವ್ ಇರುವ ರ‍್ಯಾಮ್‌ನಲ್ಲಿ ಅದಕ್ಕೂ ದಾರಿ ಇದೆ: ಒತ್ತಡ ಇಳಿಸಿ. 30 ಮೀಟರ್ ಕಾಗದಕ್ಕೆ ಪೂರ್ತಿ ಶಕ್ತಿ ಯಾಕೆ? ನಾನು ನನ್ನದರಲ್ಲಿ ಒತ್ತಡ ಇಳಿಸಿದ ಮೇಲೆ ಕಾಕ್ ಮಾಡೋದು ಸಲೀಸಾಯಿತು, ಒದೆತ ಕಮ್ಮಿಯಾಯಿತು, ಕಾಗದದ ಮೇಲೆ ತೂತುಗಳ ಗುಂಪು ಚಿಕ್ಕದಾಯಿತು. ಮುಚ್ಚಿದ ರ‍್ಯಾಮ್‌ನಲ್ಲಿ ಫ್ಯಾಕ್ಟರಿಯವರು ಕೊಟ್ಟಷ್ಟೇ, ಬೇಕಾದರೂ ಬೇಡವಾದರೂ.

ಇನ್ನೊಂದು. ಡಬ್ಬದ ಮೇಲೆ ಬರೆದಿರುವ ವೇಗ ನೋಡಿ ಮರುಳಾಗಬೇಡಿ. ಸೆಕೆಂಡಿಗೆ 1200 ಅಡಿ ಅಂದರೆ ಸುಮಾರು 366 ಮೀಟರ್, ಶಬ್ದದ ವೇಗಕ್ಕಿಂತ ಜಾಸ್ತಿ. ಅಂಥ ಅಂಕಿ ಸಾಮಾನ್ಯವಾಗಿ ಸೀಸವಿಲ್ಲದ ಹಗುರ ಪೆಲೆಟ್ ಹಾಕಿ ತೆಗೆದಿದ್ದು. ಆ ವೇಗದಲ್ಲಿ ಸೊಂಟ ಸಣ್ಣಗಿರುವ ಈ ಪೆಲೆಟ್‌ಗಳು ಗಾಳಿಯಲ್ಲಿ ತಡವರಿಸುತ್ತವೆ. 0.54 ಗ್ರಾಂನ ಸಾದಾ ಸೀಸದ ಪೆಲೆಟ್ 240–250 ಮೀಟರ್ ವೇಗದಲ್ಲಿ ಹೋದರೆ ಶಕ್ತಿ 16 ಜೂಲ್ ಆಸುಪಾಸು ಬರುತ್ತದೆ, ನಿಮ್ಮ ಕೆಲಸಕ್ಕೆ ಧಾರಾಳ. ಹಳೇ ರ‍್ಯಾಮ್ ಅಷ್ಟನ್ನು ಆಗಲೇ ಕೊಡುತ್ತಿತ್ತು. ನಲವತ್ತು ವರ್ಷದಲ್ಲಿ ಸುಧಾರಿಸಿದ್ದು ರ‍್ಯಾಮ್ ಸುತ್ತಮುತ್ತಲಿನ ಸಾಮಾನು, ರ‍್ಯಾಮ್ ಅಲ್ಲ.

ಉತ್ತರ 3

ಶಕ್ತಿಯ ಮಾತು ಬಂತಲ್ಲ, ಒಂದು ಎಚ್ಚರಿಕೆ. ಎಚ್‌ಡಬ್ಲ್ಯೂ 90 ಅಂತ ಒಂದೇ ಹೆಸರಿದ್ದರೂ ಎಲ್ಲ ಒಂದೇ ಶಕ್ತಿಯವಲ್ಲ. ಜರ್ಮನಿಯ ಒಳಗೆ ಮಾರಲು ಮಾಡಿದ್ದಾದರೆ ಐದು ಮೂಲೆಯ ಚೌಕಟ್ಟಿನೊಳಗೆ ಎಫ್ ಅಕ್ಷರ ಕೊರೆದಿರುತ್ತದೆ, ಅಂದರೆ 7.5 ಜೂಲ್ ಮೀರಬಾರದು. ಬ್ರಿಟನ್ನಿಗೆ ಮಾಡಿದ್ದಾದರೆ 12 ಅಡಿ-ಪೌಂಡ್, ಸುಮಾರು 16 ಜೂಲ್ ಒಳಗೆ. ಎಫ್ ಗುರುತಿನದು ಸಿಕ್ಕಿ "ಅಯ್ಯೋ ಗ್ಯಾಸ್ ಹೋಗಿದೆ, ವೇಗ 165 ಮೀಟರೇ ಬರುತ್ತಿದೆ" ಅಂತ ಗಾಬರಿಯಾಗಬೇಡಿ, ಅದು ಇರಬೇಕಾದದ್ದೇ ಅಷ್ಟು. ಹಾಗೇ, ಪಂಪ್ ಕೈಯಲ್ಲಿದೆ ಅಂತ ಸುಮ್ನೆ ತುಂಬುತ್ತಾ ಹೋಗಬೇಡಿ. ನೀವು ಇರುವ ಕಡೆಯ ಕಾನೂನಿನ ಮಿತಿ ದಾಟಿದರೆ ಅದು ಬೇರೆ ತರಹದ ಆಯುಧವಾಗಿಬಿಡಬಹುದು. ರೈಫಲ್ ತಡೆಯುವ ಮಿತಿಯೂ ಒಂದಿದೆ, ಒತ್ತಡ ಅತಿಯಾದರೆ ಪಿಸ್ಟನ್ ಸೀಲ್ ಮತ್ತು ಸ್ಕೋಪ್ ಎರಡೂ ತಿನ್ನುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಎಫ್ ಗುರುತು ಇಲ್ಲ, ಈಗಷ್ಟೇ ಫೋನ್ ಮಾಡಿ ಕೇಳಿದೆ. ಇನ್ನೆರಡು ಅನುಮಾನ. ಸ್ಕೋಪ್ ತಿನ್ನುತ್ತದೆ ಅಂದಿರಿ. ಸ್ಪ್ರಿಂಗ್‌ಗಿಂತ ಗ್ಯಾಸ್ ರ‍್ಯಾಮ್ ನಯ ಅಂತ ಎಲ್ಲ ಕಡೆ ಹೇಳುತ್ತಾರಲ್ಲ? ಮತ್ತೆ, ಗ್ಯಾಸ್ ರ‍್ಯಾಮ್‌ಗೆ ಚಳಿ ಸೆಖೆ ಏನೂ ಲೆಕ್ಕವಿಲ್ಲ ಅನ್ನೋದು ನಿಜವಾ?

ಉತ್ತರ 4

ನಯ ಅನ್ನೋದಕ್ಕೆ ಎರಡು ಅರ್ಥ ಇದೆ. ಸುರುಳಿ ಇಲ್ಲ, ಹಾಗಾಗಿ ಟ್ವಾಂಗ್ ಅಂತ ಕಂಪಿಸೋದಿಲ್ಲ, ಸುರುಳಿ ಬಿಚ್ಚುವಾಗ ರೈಫಲ್ ಪಕ್ಕಕ್ಕೆ ತಿರುಚಿಕೊಳ್ಳೋದೂ ಇಲ್ಲ. ಆ ಮಟ್ಟಿಗೆ ನಯ. ಆದರೆ ಪಿಸ್ಟನ್ ಹಗುರ, ಓಟ ಜೋರು. ಒದೆತ ಒಂದೇ ಕ್ಷಣದಲ್ಲಿ ಟಪ್ ಅಂತ ಮುಗಿಯುತ್ತದೆ, ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ. ಕೈಗೆ ಅದು ಚೊಕ್ಕ ಅನ್ನಿಸುತ್ತದೆ, ಸ್ಕೋಪಿನ ಒಳಗಿನ ಗಾಜಿಗೆ ಹಾಗಲ್ಲ. ಗುಂಡಿನ ಬಂದೂಕಿನ ಮೇಲೆ ವರ್ಷಗಟ್ಟಲೆ ನಿಂತ ಒಂದು ಸ್ಕೋಪ್ ನನ್ನ ರ‍್ಯಾಮ್ ರೈಫಲ್ ಮೇಲೆ ಒಂದು ಮಳೆಗಾಲ ಮುಗಿಯೋದರೊಳಗೆ ಅಡ್ಡಗೆರೆ ಸಡಿಲವಾಗಿ ಕೂತಿತು. ಏರ್ ರೈಫಲ್‌ಗೆ ಅಂತಲೇ ಮಾಡಿದ್ದು ತಗೊಳ್ಳಿ, ಹತ್ತು ಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಆಗಬೇಕು. ಸ್ಕೋಪ್ ಹಿಡಿದಿಡುವ ಮೌಂಟ್ ಒಂದೇ ತುಂಡಿನದಾಗಿದ್ದರೆ ಒಳ್ಳೇದು, ಅದರ ಪಿನ್ ರೈಫಲ್ ಮೇಲಿನ ತೂತಿನಲ್ಲಿ ಕೂತಿರಲಿ. ಇಲ್ಲದಿದ್ದರೆ ಸ್ಕೋಪ್ ಜಾರುತ್ತಾ ಹೋಗುತ್ತದೆ. ಹಳೇದು ಹೊಸದು ಎರಡಕ್ಕೂ ಇದೇ ಮಾತು.

ಚಳಿ ಸೆಖೆ ಲೆಕ್ಕವಿಲ್ಲ ಅನ್ನೋದು ಜಾಹೀರಾತಿನ ಮಾತು. ಮುಚ್ಚಿದ ಜಾಗದ ಗ್ಯಾಸು ತಣ್ಣಗಾದರೆ ಒತ್ತಡ ಇಳಿಯಲೇಬೇಕು. 20 ಡಿಗ್ರಿಯಿಂದ 0 ಡಿಗ್ರಿಗೆ ಬಂದರೆ ಒತ್ತಡ ಶೇಕಡಾ 7ರಷ್ಟು ಕಮ್ಮಿ. ಶಕ್ತಿಯೂ ಅಷ್ಟೇ ಇಳಿಯಿತು ಅಂತ ಇಟ್ಟುಕೊಂಡರೆ ವೇಗ ಶೇಕಡಾ 3–4 ಇಳಿಯುತ್ತದೆ. 30 ಮೀಟರಿನಲ್ಲಿ ಪೆಲೆಟ್ ಅರ್ಧ ಸೆಂಟಿಮೀಟರ್ ಆಸುಪಾಸು ಕೆಳಗೆ ಬೀಳುತ್ತದೆ. ಡಬ್ಬಕ್ಕೆ ಹೊಡೆಯುವವರಿಗೆ ಗೊತ್ತೂ ಆಗಲ್ಲ. ಕಾಗದಕ್ಕೆ ಹೊಡೆಯುವವರಿಗೆ ಸ್ಕೋಪಿನಲ್ಲಿ ಒಂದೆರಡು ಕ್ಲಿಕ್. ಸ್ಪ್ರಿಂಗ್ ರೈಫಲ್‌ನಲ್ಲಿ ಚಳಿಗೆ ಗ್ರೀಸ್ ಗಟ್ಟಿಯಾಗಿ ಇದಕ್ಕಿಂತ ಜಾಸ್ತಿ ಆಟ ಆಡಿಸುವುದುಂಟು, ಬಹುಶಃ ಅದಕ್ಕೆ ಹೋಲಿಸಿ ಹಾಗೆ ಹೇಳಿರಬೇಕು.

ಒಂದು ಲಾಭ ಮಾತ್ರ ನಿಜ: ಕಾಕ್ ಮಾಡಿ ಗಂಟೆಗಟ್ಟಲೆ ಇಟ್ಟರೂ ಗ್ಯಾಸ್ ಬಳಲಲ್ಲ. ಸ್ಪ್ರಿಂಗ್ ಹಾಗೆ ಇಟ್ಟರೆ ಕುಗ್ಗುತ್ತದೆ. ಹಾಗಂತ ಕಾಕ್ ಮಾಡಿದ ರೈಫಲ್ ಎಲ್ಲೆಂದರಲ್ಲಿ ಒರಗಿಸಿ ಹೋಗಬೇಡಿ ಮತ್ತೆ.

ಉತ್ತರ 2, ಮತ್ತೆ

ನೈಟ್ರೋಜನ್ ಬಗ್ಗೆಯೂ ಇದೇ ತರಹ ಜಾಹೀರಾತು ನಡೆಯುತ್ತದೆ. ನಾವು ಉಸಿರಾಡೋ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಫ್ಯಾಕ್ಟರಿಯಲ್ಲಿ ಅದನ್ನು ತುಂಬುವ ಮುಖ್ಯ ಲಾಭ ಒಣಗಿರೋದು, ಒಳಗೆ ತೇವ ಹೋಗಿ ತುಕ್ಕು ಹಿಡಿಯಲ್ಲ. ಕೈಪಂಪಿನಲ್ಲಿ ತುಂಬುವವರು ತೇವ ಹೀರುವ ಫಿಲ್ಟರ್ ಇರುವ ಪಂಪ್ ಬಳಸಿ, ನಿಧಾನಕ್ಕೆ ತುಂಬಿ, ಅಷ್ಟು ಸಾಕು.

ಟ್ರಿಗರ್ ಬಗ್ಗೆ ಯಾರೂ ಹೇಳಲಿಲ್ಲ. ಹೊಸ ಅಗ್ಗದ ರೈಫಲ್‌ಗಳು ಸೋಲೋದು ಇಲ್ಲೇ, ಹೊಸದರ ಪರ ಮಾತಾಡುತ್ತಿರುವ ನಾನೇ ಹೇಳುತ್ತಿದ್ದೇನೆ. ಎಳೆಯುತ್ತಾ ಹೋದರೆ ಎಲ್ಲಿ ಬಿಡುತ್ತದೆ ಅಂತ ಗೊತ್ತಾಗಲ್ಲ. ಹೊಂದಿಸುವ ಸ್ಕ್ರೂ ಇರುತ್ತದೆ, ಅದು ಮೊದಲ ಎಳೆತ ಉದ್ದ ಮಾಡುತ್ತದೆ ಅಷ್ಟೇ, ಬಿಡುವ ಜಾಗದ ಒರಟುತನ ಹಾಗೇ ಉಳಿಯುತ್ತದೆ. ಎಚ್‌ಡಬ್ಲ್ಯೂ 90ರ ಎಲೀಟ್ ಟ್ರಿಗರ್, ಅದೇ ಕಂಪನಿಯ ರೆಕಾರ್ಡ್ ಟ್ರಿಗರ್‌ನಷ್ಟು ಮುದ್ದಾಗಿಲ್ಲ ಅಂತ ಗೊಣಗುವವರು ಇದ್ದಾರೆ. ಅಗ್ಗದ ಹೊಸದರ ಮುಂದೆ ಅದು ರಾಜ.

ಉತ್ತರ 5

ನನ್ನದು ಮುಚ್ಚಿದ ರ‍್ಯಾಮ್‌ನ ಕಥೆ. ಹೊಸ ರೈಫಲ್, ಬ್ರ್ಯಾಂಡ್ ಬೇಡ ಬಿಡಿ. ಎರಡನೇ ವರ್ಷಕ್ಕೆ ಕಾಕ್ ಮಾಡೋದು ಹಗುರವಾಗುತ್ತಾ ಬಂತು. ಮನೆಯವರೆಲ್ಲ ಖುಷಿಪಟ್ಟರು, ಈಗ ಸಲೀಸಾಗಿದೆ ಅಂತ! ಪೆಲೆಟ್ ಮಾತ್ರ ದಿನೇ ದಿನೇ ಕೆಳಗೆ ಬೀಳುತ್ತಿತ್ತು. ರ‍್ಯಾಮ್ ತರಿಸಿ ಹಾಕಿಸೋದಕ್ಕೆ ಹಣಕ್ಕಿಂತ ಜಾಸ್ತಿ ಕಾಯಬೇಕಾಯಿತು. ಹಾಕಿಸಿದ ಮೇಲೆ ಮತ್ತೆ ಮೊದಲಿನ ಹಾಗೇ ಇದೆ, ದೂರೇನಿಲ್ಲ. ಮುಚ್ಚಿದ ರ‍್ಯಾಮ್ ಎಲ್ಲವೂ ಬೇಗ ಹೋಗುತ್ತವೆ ಅಂತ ಹೇಳುತ್ತಿಲ್ಲ, ನನ್ನ ಗೆಳೆಯರ ಹತ್ತಿರ ಇನ್ನೂ ಗಟ್ಟಿಯಾಗಿರುವವು ಬೇಕಾದಷ್ಟಿವೆ. ಹೊಸದು ತಗೊಳ್ಳೋದಾದರೆ "ಇದರ ರ‍್ಯಾಮ್ ಬಿಡಿಯಾಗಿ ಸಿಗುತ್ತಾ" ಅಂತ ದುಡ್ಡು ಕೊಡೋ ಮೊದಲೇ ಕೇಳಿ. ಹೌದು ಅಂದರೆ ಒಂದು ಸ್ಪೇರ್ ಆಗಲೇ ತಗೊಂಡುಬಿಡಿ.

ಸೋರಿದ ರ‍್ಯಾಮ್ ಕೊರೆಯೋದು, ಕಾಯಿಸೋದು, ಬೆಸುಗೆ ಹಾಕೋದು ಮಾತ್ರ ಯಾರೂ ಮಾಡಬೇಡಿ. ಖಾಲಿಯಾಗಿದೆ ಅನ್ನಿಸಿದರೂ ಒಳಗೆ ಉಳಿದಿರುವ ಒತ್ತಡ ಕಣ್ಣು ತೆಗೆಯೋಕೆ ಸಾಕು.

ಉತ್ತರ 1, ಮತ್ತೆ

ಇನ್ನು ನೋಡೋಕೆ ಹೋದಾಗ ಏನು ಮಾಡಬೇಕು ಅಂತ ಹೇಳಿ ನನ್ನ ಮಾತು ಮುಗಿಸುತ್ತೇನೆ. ಸಾಧ್ಯವಾದರೆ ಒಂದು ಕ್ರೋನೋಗ್ರಾಫ್ (ಪೆಲೆಟ್ ವೇಗ ಅಳೆಯುವ ಯಂತ್ರ) ಎರವಲು ತಗೊಂಡು ಹೋಗಿ. ಒಂದೇ ಡಬ್ಬದ ಪೆಲೆಟ್ ಹತ್ತು ಹೊಡೆಯಿರಿ. ವೇಗ ಕಮ್ಮಿ ಇದ್ದರೂ ಹತ್ತೂ ಒಂದೇ ಸಮ ಬಂದರೆ ಒಳಗೆ ಆರೋಗ್ಯವಾಗಿದೆ, ಒತ್ತಡ ಇಳಿದಿದೆ ಅಷ್ಟೇ, ತುಂಬಿದರೆ ಆಯಿತು. ಒಂದು ಜೋರು ಒಂದು ಮೆಲ್ಲಗೆ ಅಂತ ಕುಣಿದರೆ ಪಿಸ್ಟನ್ ಸೀಲ್ ಅಥವಾ ಬ್ರೀಚ್ ಸೀಲ್ (ಬ್ಯಾರೆಲ್ ಕೂಡುವ ಜಾಗದ ರಿಂಗು) ಹೋಗಿರಬಹುದು. ಬ್ರೀಚ್ ಸೀಲ್ ನೋಡೋಕೆ ತೆಳು ಟಿಶ್ಯೂ ಕಾಗದದ ಚೂರು ಬ್ಯಾರೆಲ್ ಕೂಡುವ ಜಾಗದ ಮೇಲೆ ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಅಲ್ಲಿ ಗಾಳಿ ಸೋರುತ್ತಿದೆ. ಅದು ಚಿಲ್ಲರೆ ಕೆಲಸ, ಅದನ್ನು ತೋರಿಸಿ ಬೆಲೆ ಇಳಿಸಿ.

ಹೊಗೆ ಬರುತ್ತಾ, ಸುಟ್ಟ ಎಣ್ಣೆ ವಾಸನೆ ಬರುತ್ತಾ ನೋಡಿ. ಮಾರುವ ಮೊದಲು ಒಳಗೆ ಎಣ್ಣೆ ಬಿಡೋದು ಕೆಲವರ ಅಭ್ಯಾಸ. ಆ ಎಣ್ಣೆ ಒತ್ತಡದ ಬಿಸಿಗೆ ಹೊತ್ತಿಕೊಂಡು ವೇಗ ಸುಳ್ಳು ಹೇಳುತ್ತದೆ, ಸೀಲೂ ಹಾಳಾಗುತ್ತದೆ. ಅಂಥದ್ದಾದರೆ ಇಪ್ಪತ್ತು ಮೂವತ್ತು ಹೊಡೆದ ಮೇಲೆ ಬರುವ ವೇಗವನ್ನೇ ನಂಬಿ. ಬ್ಯಾರೆಲ್ ಬಗ್ಗಿಸಿ ಹಿಡಿದು ಎಡಬಲ ಅಲ್ಲಾಡಿಸಿ, ಕೀಲಿನಲ್ಲಿ ಆಟ ಇರಬಾರದು. ಇದ್ದರೆ ಬೋಲ್ಟ್ ಬಿಗಿ ಮಾಡಿದಾಗ ಹೋಗುತ್ತಾ ನೋಡಿ. ಪೆಲೆಟ್ ಹಾಕುವಾಗ ಇನ್ನೊಂದು ಕೈ ಬ್ಯಾರೆಲ್ ಮೇಲೇ ಇರಲಿ. ಹಳೇ ಟ್ರಿಗರ್ ಜಾರಿದರೆ ಬ್ಯಾರೆಲ್ ಬೆರಳನ್ನು ಕೇಳಿಕೊಂಡು ಮುಚ್ಚಲ್ಲ. ಪೆಲೆಟ್ ಇಲ್ಲದೆ ಖಾಲಿ ಹೊಡೆದು "ಕೇಳಿ, ಎಷ್ಟು ಗಟ್ಟಿ ಇದೆ" ಅಂತ ತೋರಿಸುವ ಮಾರಾಟಗಾರ ಆದರೆ, ಹಿಂದೆಯೂ ಹಾಗೇ ಹೊಡೆದಿರುತ್ತಾನೆ ಅಂತ ತಿಳಿದು ವಾಪಸ್ ಬನ್ನಿ.

ಹಿಡಿತದ ಬಗ್ಗೆಯೂ ಒಂದು ಮಾತು. ನೀವು ಸ್ಪ್ರಿಂಗ್‌ನಿಂದ ಬರುತ್ತಿದ್ದೀರಿ, ಹಾಗಾಗಿ ಗೊತ್ತಿರುತ್ತದೆ. ಬಿಗಿಯಾಗಿ ಅಪ್ಪಿ ಹಿಡಿಯಬೇಡಿ, ಅಂಗೈ ಮೇಲೆ ಸಡಿಲವಾಗಿ ಕೂರಿಸಿ, ಅದರ ಪಾಡಿಗೆ ಒದೆಯೋಕೆ ಬಿಡಿ. ಎರಡು ಮೂರು ಬಗೆಯ ಪೆಲೆಟ್ ಹಾಕಿ ನೋಡದೆ ರೈಫಲ್ ಸರಿ ಇಲ್ಲ ಅನ್ನಬೇಡಿ.

ಪ್ರಶ್ನೆ ಕೇಳಿದವರು

ಕ್ರೋನೋಗ್ರಾಫ್ ಸಿಕ್ಕಿದೆ, ಭಾನುವಾರ ಹೋಗುತ್ತಿದ್ದೇನೆ. ಮಾರುವವರ ಹತ್ತಿರ ಪಂಪ್ ಇದೆಯಂತೆ, ಅಡಾಪ್ಟರ್ ಎಲ್ಲಿಟ್ಟಿದ್ದೇನೋ ಹುಡುಕಬೇಕು ಅಂದರು. ಅದಿಲ್ಲದೆ ತಗೊಂಡರೆ ಪರವಾಗಿಲ್ಲವಾ?

ಉತ್ತರ 1, ಮತ್ತೆ

ಹುಡುಕಿ ಕೊಟ್ಟಮೇಲೇ ದುಡ್ಡು ಕೊಡಿ. ಬೇರೆಯಾಗಿ ಸಿಗುತ್ತದೆ, ಆದರೆ ಹಳೇ ವಾಲ್ವಿಗೆ ಹೊಂದುವುದೇ ಬೇಕು, ಅಳತೆ ತಪ್ಪಿದರೆ ಮತ್ತೆ ಅಲೆದಾಟ. ವೇಗ ಎಷ್ಟು ಬಂತು ಅಂತ ಭಾನುವಾರ ಸಂಜೆ ಇಲ್ಲೇ ಹಾಕಿ, ಒತ್ತಡ ಎಷ್ಟಕ್ಕೆ ಇಡಬಹುದು ಅಂತ ಆಮೇಲೆ ನೋಡೋಣ.